ಅವಳ ಮುಷ್ಟಿಗೆ ಸಿಗದ ಕಂಬ

ನನ್ನ ಹೆಂಡತಿ ಶಶಿಕಲಾ ಕಂಬದಿಂದ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡದ್ದು ಅವಳ ಕೈಯಲ್ಲಿ ಬಲವಿಲ್ಲದೆ ಅಲ್ಲ. ಅವಳ ಮುಷ್ಟಿಗೆ ಸಿಗದಂಥ ಕಂಬವನ್ನು ನಾನೇ ಆರಿಸಿ ತಂದಿದ್ದೆ. ಗೊತ್ತಿಲ್ಲದೆ ತಂದೆನೆಂದು ಹೇಳಬಹುದಿತ್ತು. ಆದರೆ ಗೊತ್ತಿತ್ತು — ಗೊತ್ತಿದ್ದೇ ತಂದೆ.

ಶಶಿ ಮಲ್ಲಿಪಟ್ಟಣದವಳು. ಅರಕಲಗೂಡಿನ ಹೈಸ್ಕೂಲಿನಲ್ಲಿ ಓದುವಾಗ ಗದಗದ ಕಡೆಯಿಂದ ಬಂದಿದ್ದ ಡ್ರಿಲ್ ಮೇಷ್ಟ್ರೊಬ್ಬರು ಮಕ್ಕಳಿಗೆ ಮಲ್ಲಕಂಬ ಕಲಿಸಿದ್ದರಂತೆ. ಹುಡುಗರಿಗಿಂತ ಮೇಲೆ ಹತ್ತಿ, ತಲೆಕೆಳಗಾಗಿ, ಎರಡೂ ಕೈ ಬಿಟ್ಟು ನಿಲ್ಲುತ್ತಿದ್ದಳಂತೆ. ದೊಡ್ಡವಳಾದ ಮೇಲೆ ಮನೆಯಲ್ಲಿ ಬಿಡಿಸಿದರು. ಮದುವೆಯಾಗಿ ನನ್ನೊಡನೆ ಚನ್ನರಾಯಪಟ್ಟಣಕ್ಕೆ ಬಂದಳು. ನಾನು ಅಲ್ಲಿ ವಿಜ್ಞಾನದ ಮೇಷ್ಟ್ರು. ಮಗಳು ಮೇಘ ಹುಟ್ಟಿದಳು. ಮಲ್ಲಕಂಬದ ಮಾತು ನಮ್ಮ ಮನೆಯಲ್ಲಿ ಎಂದೂ ಬಂದಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಹೊಸದು. ಊರಿಗೆಲ್ಲ ಕೇಬಲ್ ಟೀವಿ ಬಂದಿತ್ತು. ಒಂದು ಮಧ್ಯಾಹ್ನ ಯಾವುದೋ ಪರದೇಶದ ಚಾನೆಲ್ಲಿನಲ್ಲಿ ಹೆಂಗಸರು ಉಕ್ಕಿನ ಕಂಬ ಹಿಡಿದು ಹಾಡಿಗೆ ತಕ್ಕಂತೆ ಏರುತ್ತ, ಸುತ್ತುತ್ತ, ಗಾಳಿಯಲ್ಲಿ ಮಲಗುತ್ತ ಕುಣಿಯುವುದನ್ನು ಅವಳು ನೋಡಿದಳು. ನಾನು ಸ್ಕೂಲಿನಿಂದ ಬಂದಾಗ ಅವಳ ಮುಖದಲ್ಲಿ ಬೇರೆಯೇ ಬೆಳಕಿತ್ತು. "ನಾವು ಮಾಡ್ತಿದ್ದದ್ದೇ ಕಣ್ರೀ. ಇವ್ರು ಅದನ್ನ ಡ್ಯಾನ್ಸ್ ಮಾಡ್ಕೊಂಡವ್ರೆ. ನಮ್ಮ ಒಳಗಿನ ರೂಮಿನಲ್ಲಿ ಒಂದು ಕಂಬ ಹಾಕಿಸ್ಕೊಡ್ತೀರಾ?" ಎಂದಳು.

ಎಂಥ ಕಂಬ ಬೇಕೆಂದೂ ಹೇಳಿದಳು. ಮಲ್ಲಕಂಬವನ್ನು ತೊಡೆಯಲ್ಲಿ ಅಮುಕಿ ಹಿಡಿಯುವುದು, ಇದನ್ನು ಕೈಯಲ್ಲಿ. ಮುಷ್ಟಿ ಮುಚ್ಚಿದರೆ ಹೆಬ್ಬೆರಳು ಬೆರಳುಗಳ ಮೇಲೆ ಬಂದು ಕೂರಬೇಕು. ಬಣ್ಣ ಬಳಿದದ್ದಾಗಬಾರದು, ಬರಿ ಉಕ್ಕಾಗಬೇಕು. ಮೇಲೆ ತಾರಸಿಗೂ ಕೆಳಗೆ ನೆಲಕ್ಕೂ ಅಲುಗದಂತೆ ಕೂರಿಸಬೇಕು.

ನನಗೆ ಹೆದರಿಕೆಯಾಯಿತು. ಅಕ್ಕಪಕ್ಕದವರು, ಕೆಲಸದವಳು, ನನ್ನ ವಿದ್ಯಾರ್ಥಿಗಳ ಅಪ್ಪಂದಿರು — ಮೇಷ್ಟ್ರ ಹೆಂಡತಿ ಚಡ್ಡಿ ಹಾಕಿಕೊಂಡು ಕಂಬಕ್ಕೆ ಸುತ್ತಿಕೊಳ್ಳುತ್ತಾಳೆ ಎಂದರೆ... ಬೇಡ ಎಂದುಬಿಡಬಹುದಿತ್ತು. ಆದರೆ ಹೆಣ್ಣುಮಕ್ಕಳನ್ನು ಅಡುಗೆಮನೆಗೆ ಕಟ್ಟಿಹಾಕಬಾರದು ಎಂದು ಸ್ಕೂಲಿನ ಸಭೆಗಳಲ್ಲಿ ಭಾಷಣ ಮಾಡುವವನು ನಾನು. ಬೇಡ ಎಂದ ಗಂಡ ಎನಿಸಿಕೊಳ್ಳಲು ಇಷ್ಟವಿರಲಿಲ್ಲ. ಅವಳಾಗಿಯೇ ಸೋತು ಬಿಡುವಂತಾಗಬೇಕಿತ್ತು. ನನ್ನ ಹೇಡಿತನಕ್ಕಿಂತ ಈ ಜಾಣತನವೇ ದೊಡ್ಡ ತಪ್ಪೆಂದು ಈಗ ಅನಿಸುತ್ತದೆ.

ಇಬ್ಬರೂ ಹಾಸನಕ್ಕೆ ಹೋಗಿ ತರುವುದೆಂದಾಗಿತ್ತು. ಅಂದು ಮಗುವಿಗೆ ಜ್ವರ ಬಂದು ನಾನೊಬ್ಬನೇ ಹೋದೆ. ಪೈಪಿನ ಅಂಗಡಿಯವನು ಮೆಟ್ಟಿಲ ಪಕ್ಕದ ಕಂಬಿಗೆ ಹಾಕುವ ಸ್ಟೀಲಿನ ಪೈಪೊಂದನ್ನು ಎತ್ತಿ ನನ್ನ ಕೈಗೆ ಕೊಟ್ಟ. ಹಿಡಿದು ನೋಡಿದೆ. ನನ್ನ ಹೆಬ್ಬೆರಳು ಬೆರಳುಗಳ ಮೇಲೆ ಸಲೀಸಾಗಿ ಬಂದು ಕೂತಿತು. ಇದೇ ಅದು ಎಂದು ಗೊತ್ತಾಯಿತು. ಪೈಪನ್ನು ಮೆಲ್ಲನೆ ಗೋಡೆಗೆ ಒರಗಿಸಿ, ಮುಂಬಾಗಿಲ ಚಾವಣಿಗೆ ಆಧಾರ ಕೊಡುವ ದಪ್ಪನೆಯ ಕಬ್ಬಿಣದ ಕಂಬ ತೋರಿಸಿದೆ. ನುಣ್ಣಗೆ ಬಣ್ಣ ಬಳಿದಿದ್ದರು. ನನ್ನ ಕೈಗೇ ಅದು ಪೂರ್ತಿ ಸಿಗುತ್ತಿರಲಿಲ್ಲ.

ವೆಲ್ಡಿಂಗಿನವನು ಬಂದು ಕಂಬ ಕೂರಿಸಿ ಹೋದ ಮೇಲೆ ಶಶಿ ಎರಡೂ ಕೈಯಿಂದ ಹಿಡಿದು ನೋಡಿದಳು. "ದಪ್ಪ ಆಯ್ತಲ್ವಾ?" ಎಂದಳು.

"ಸಣ್ಣದಾದ್ರೆ ನಿನ್ನ ಭಾರಕ್ಕೆ ಬಗ್ಗಿಹೋಗುತ್ತೆ. ನಾನು ವಿಜ್ಞಾನದ ಮೇಷ್ಟ್ರು ಕಣೆ, ನನಗೆ ಗೊತ್ತಿಲ್ವಾ?"

ಇಷ್ಟೇ ಮಾತು. ಅವಳು ನಂಬಿದಳು.

ಕೆಲವು ದಿನ ಪ್ರಯತ್ನಪಟ್ಟಳು. ಏರುವಳು, ಜಾರುವಳು, ಅಂಗೈ ಒರೆಸಿಕೊಂಡು ಮತ್ತೆ ಏರುವಳು. ಇನ್ನೇನು ಸಾಕು ಎನ್ನುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ಎನ್ನಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ನಾನು ಬಾಗಿಲಲ್ಲಿ ನಿಂತು ನೋಡುತ್ತಿರುವಾಗಲೇ, ತಾರಸಿಯ ಹತ್ತಿರದವರೆಗೆ ಹೋದವಳು ಕೈಜಾರಿ ಬಿದ್ದಳು. ನೆಲಕ್ಕೆ ಊರಿದ ಎಡಗೈ ಮುರಿಯಿತು.

ಹಾಸನದ ಆಸ್ಪತ್ರೆಯಲ್ಲಿ ಕೈಗೆ ಸಿಮೆಂಟು ಹಾಕಿಸಿಕೊಂಡು ಬೆಂಚಿನ ಮೇಲೆ ಕೂತು ಶಶಿ ಹೇಳಿದಳು: "ಹೆತ್ತ ಮೇಲೆ ಕೈಲಿ ಬಲ ಹೋಗ್ಬಿಟ್ಟೈತೆ ಕಣ್ರೀ. ನಂದೇ ತಪ್ಪು." ಆಗ ಹೇಳಬೇಕಿತ್ತು. ಬಾಯಿಯವರೆಗೆ ಬಂದಿತ್ತು — ಆದರೆ ನಾನು ಹೇಳಿದ್ದು, "ಹೋಗ್ಲಿ ಬಿಡು, ವಯಸ್ಸಾಯ್ತಲ್ಲ." ಅವಳಿಗಿನ್ನೂ ಮೂವತ್ತು ದಾಟಿ ಹೆಚ್ಚು ದಿನವಾಗಿರಲಿಲ್ಲ.

ಕಂಬ ಬಿಚ್ಚಿಸಿ ಪಕ್ಕದವರ ಕೊಟ್ಟಿಗೆಗೆ ಕೊಟ್ಟೆವು. ಸುಳ್ಳು ಮಾತ್ರ ಮನೆಯಲ್ಲೇ ಉಳಿಯಿತು. ಬಂದ ನೆಂಟರಿಗೆ, ಸ್ಟಾಫ್ ರೂಮಿನಲ್ಲಿ, "ನಮ್ಮನೆಯವಳು ಸರ್ಕಸ್ ಮಾಡೋಕೆ ಹೋಗಿ ಕೈ ಮುರ್ಕೊಂಡ್ಲು" ಎಂದು ನಾನು ಹೇಳಿದರೆ ಎಲ್ಲರೂ ನಗುತ್ತಿದ್ದರು. ಮನೆಯಲ್ಲಿ ಹೇಳಿದಾಗ ಅವಳೂ ನಗುತ್ತಿದ್ದಳು. ಬರಬರುತ್ತ ತುಂಬಿದ ಬಿಂದಿಗೆ ಎತ್ತಲೂ ಹಿಂದೆಗೆಯತೊಡಗಿದಳು. ಮೇಘ ಹೈಸ್ಕೂಲಿಗೆ ಬಂದಾಗ ಕಬಡ್ಡಿಗೆ ಹೆಸರು ಕೊಡಲಿಲ್ಲ. "ನಂಗೂ ಅಮ್ಮನ ಥರ ಕೈಲಿ ಬಲ ಇಲ್ಲ" ಎಂದಳಂತೆ. ಅದನ್ನು ಕೇಳಿಯೂ ಸುಮ್ಮನಿದ್ದೆ.

ಹೀಗೇ ವರ್ಷಗಳು ಕಳೆದ ಮೇಲೆ ಒಮ್ಮೆ ಹೊಳೆನರಸೀಪುರದಲ್ಲಿ ಒಂದು ಮದುವೆ ಮುಗಿಸಿ ನಾನೂ ಶಶಿಯೂ ಬಸ್ಸಿನಲ್ಲಿ ಬರುತ್ತಿದ್ದೆವು. ಕಾಲಿಡಲು ಜಾಗವಿರಲಿಲ್ಲ. ಅವಳು ಮುರಿದಿದ್ದ ಆ ಎಡಗೈಯಲ್ಲೇ ಬಸ್ಸಿನ ಕಂಬಿ ಹಿಡಿದು ನಿಂತಿದ್ದಳು. ಎದುರಿಗೆ ಟ್ರ್ಯಾಕ್ಟರು ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದ. ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸಿದೆವು. ನಾನೂ ಬಿದ್ದೆ. ಶಶಿ ಬೀಳಲಿಲ್ಲ. ಎಡಗೈ ಕಂಬಿ ಬಿಡಲಿಲ್ಲ. ಬಲತೋಳಿನಲ್ಲಿ ಅವಳ ಮೇಲೆ ವಾಲಿದ ಮುದುಕಿಯೊಬ್ಬಳನ್ನು ತಬ್ಬಿ ಹಿಡಿದಿದ್ದಳು.

ಮುದುಕಿ ಸುಧಾರಿಸಿಕೊಂಡು, "ಏನವ್ವ ನಿನ್ ಕೈ, ಕಬ್ಣ ಇದ್ದಂಗೈತೆ ಕಣವ್ವ" ಎಂದಳು.

ಶಶಿ ತನ್ನ ಎಡಗೈಯನ್ನು ನೋಡಿದಳು. ಕಂಬಿಯನ್ನು ಸುತ್ತಿ ಹೆಬ್ಬೆರಳು ಬೆರಳುಗಳ ಮೇಲೆ ಕೂತಿತ್ತು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ರೀ, ನೀವು ತಂದಿದ್ದ ಕಂಬ ಇದಕ್ಕಿಂತ ದಪ್ಪ ಇತ್ತಲ್ವಾ?"

"ಮನೇಲಿ ಹೇಳ್ತೀನಿ" ಎಂದೆ.

ಮನೆಗೆ ಬಂದು ಸೀರೆ ಬದಲಿಸಲೂ ಹೋಗದೆ ಅವಳು ಜಗಲಿಯಲ್ಲಿ ಕೂತಳು. ಎಲ್ಲ ಹೇಳಿದೆ — ಅಂಗಡಿಯವನು ಕೊಟ್ಟ ಪೈಪು, ಅದನ್ನು ಗೋಡೆಗೆ ಒರಗಿಸಿದ್ದು, ಯಾಕೆ ಎನ್ನುವುದು. "ಬೇಕೂಂತಲೇನಾ?" ಎಂದಳು. ಹೌದೆಂದೆ. ಎದ್ದು ಒಳಗೆ ಹೋದಳು.

ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಊಟಕ್ಕೆ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಆ ವಾರದ ಕೊನೆಗೆ ಅಕ್ಕಿ ಆರಿಸುತ್ತ ಕೂತಿದ್ದವಳು ತಲೆಯೆತ್ತದೆ ಹೇಳಿದಳು: "ಕೈ ಮುರಿದದ್ದು ಕೂಡ್ಕೊಂತು. ಇಷ್ಟು ವರ್ಷ ನನ್ನ ಕೈನ ನಾನೇ ನಂಬಲಿಲ್ವಲ್ಲ, ಅದಕ್ಕೇನು ಮಾಡ್ತೀರಿ? ನನಗೆ ಹೇಳಿದ್ರೆ ಸಾಲದು. ನನ್ನ ಕೈಲಾಗಲ್ಲ ಅಂತ ಯಾರ್ಯಾರ ಮುಂದೆ ನಗಾಡಿದ್ರೋ ಅವರಿಗೆಲ್ಲ ಹೇಳಿ."

ಆಗಲಿ ಎಂದೆ.

ಅದಕ್ಕೂ ಮೊದಲು ಅವಳು ಹೊಸ ಕಂಬ ತರಲು ಹಾಸನಕ್ಕೆ ಹೊರಟಳು. ನಾನು ಬರಲೇ ಎಂದದ್ದಕ್ಕೆ, "ಬನ್ನಿ, ಹೊತ್ಕೊಂಡು ಬರೋಕೆ ಆಳು ಬೇಕು" ಎಂದಳು. ಆ ವಾರದಲ್ಲಿ ಅವಳ ಬಾಯಿಂದ ಬಂದ ಮೊದಲ ತಮಾಷೆ ಅದು. ತಮಾಷೆಯೇ ಎಂದು ಖಚಿತವಿಲ್ಲದೆ ಹಿಂದೆ ನಡೆದೆ. ಅಂಗಡಿಯಲ್ಲಿ ಅವಳು ಒಂದೊಂದೇ ಪೈಪು ನಿಲ್ಲಿಸಿ ಹಿಡಿದಳು. ಕಣ್ಣು ಮುಚ್ಚಿ ಹಿಡಿದಳು. ಎರಡೂ ಕೈಯಲ್ಲಿ ಹಿಡಿದು ಜೋತುಬೀಳುವಂತೆ ಭಾರ ಬಿಟ್ಟಳು. ಒಂದು ಸಣ್ಣದಾಯಿತು, ಒಂದಕ್ಕೆ ನಡುವೆ ಬೆಸುಗೆ ಇತ್ತು, ಒಂದರ ತಗಡು ತೆಳು. ಮೆಟ್ಟಿಲಿಗಾ ಎಂದು ಅಂಗಡಿಯವನು ಕೇಳಿದ. "ಅಲ್ಲ, ಡ್ಯಾನ್ಸಿಗೆ" ಎಂದಳು. ಅವನು ಒಳಗಿನಿಂದ ಇನ್ನೂ ಗಟ್ಟಿಯಾದದ್ದನ್ನು ತಂದುಕೊಟ್ಟ. ಅವಳು ಹಿಡಿದು ನೋಡಿ ಹೂಂ ಎಂದಳು.

ಈ ಸಲ ಕಂಬದ ಸುತ್ತ ದಪ್ಪ ಹಾಸಿಗೆ ಹಾಕಿಸಿದಳು. ಮೊದಲ ದಿನಗಳಲ್ಲಿ ಹೆಚ್ಚು ಮೇಲೇರಲಿಲ್ಲ. ಹಿಡಿದು ಸುತ್ತುವುದು, ಇಳಿಯುವುದು, ಮತ್ತೆ ಸುತ್ತುವುದು. ಅಂಗೈ ಸುಲಿದು ಗಟ್ಟಿಯಾಯಿತು. ಈಗ ತಾರಸಿಯವರೆಗೆ ಹೋಗುತ್ತಾಳೆ.

ನಾನು ಹೇಳುತ್ತ ಹೊರಟೆ. ಮಲ್ಲಿಪಟ್ಟಣಕ್ಕೆ ಹೋಗಿ ನಮ್ಮ ಅತ್ತೆಗೆ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. "ನಾನೂವೆ ಅವಳನ್ನ ಕಂಬದಿಂದ ಇಳಿಸ್ದೋಳೆ ಕಣಪ್ಪ. ಅವತ್ತು ಎಷ್ಟು ಅತ್ತಿದ್ಲು ಅಂತೀಯ" ಎಂದರು.

ಮೇಘಳಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕೇಳಿ ಮುಗಿಸಿ, "ಅಮ್ಮ ಬೀಳೋವಾಗ ನೀವೆಲ್ಲಿದ್ರಿ ಅಪ್ಪ?" ಎಂದಳು. ಬಾಗಿಲಲ್ಲೇ ನಿಂತಿದ್ದೆ ಎಂದೆ. ಅವಳು ನನ್ನನ್ನು ನೋಡಿದ ನೋಟ — ಅದನ್ನು ಬರೆಯಲಾರೆ. ಮಾರನೆಯ ಬೆಳಿಗ್ಗೆ ಒಳಗಿನ ರೂಮಿನಿಂದ ದೊಪ್ಪನೆ ಸದ್ದು ಬಂದು ಓಡಿದೆ. ಮೇಘ ಹಾಸಿಗೆಯ ಮೇಲೆ ಕೂತು ನಗುತ್ತಿದ್ದಳು. ಶಶಿ ನನ್ನ ಮುಖ ನೋಡಿ, "ಗಾಬರಿ ಬೀಳ್ಬೇಡಿ. ಇಳಿಯೋದು ಕಲೀತಾವ್ಳೆ" ಎಂದಳು.

ಶಶಿ ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ, ನಾನು ಕೇಳಿಲ್ಲ. ಕೇಳುವ ಹಕ್ಕು ಸದ್ಯಕ್ಕೆ ನನಗಿಲ್ಲ. ಸ್ಟಾಫ್ ರೂಮಿನಲ್ಲಿ ಉಳಿದವರಿಗೆ ಮೊನ್ನೆ ಹೇಳಿದೆ. ಅಂದು ನನ್ನ ಮಾತಿಗೆ ನಕ್ಕವರಲ್ಲಿ ಕೆಲವರು ವರ್ಗವಾಗಿ ಎಲ್ಲೆಲ್ಲಿಗೋ ಹೋಗಿದ್ದಾರೆ. ಅವರ ವಿಳಾಸ ನನ್ನಲ್ಲಿಲ್ಲ. ಅವರಲ್ಲಿ ಯಾರಾದರೂ ಓದಲಿ ಎಂದು ಇದನ್ನು ಬರೆದಿದ್ದೇನೆ.