ಮೈನಸ್ ಒಂದು ಮನೆಯ ಸಾಲು

ಅವರ ಬಲಗೈ ಹೆಬ್ಬೆರಳಿಗೆ ಸದಾ ಪ್ರಿಂಟರ್ ರಿಬ್ಬನ್ನಿನ ಕಪ್ಪು. ಊಟಕ್ಕೆ ಮುಂಚೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಜೋಳದ ರೊಟ್ಟಿಯ ಮೇಲೂ ಒಂದು ಗುರುತು ಬೀಳುತ್ತಿತ್ತು. ಎಂಬತ್ತರ ದಶಕದ ಕೊನೆಯಲ್ಲಿ, ಬಳ್ಳಾರಿಯ ಕಂಪ್ಯೂಟರ್ ಕೇಂದ್ರವೊಂದರಲ್ಲಿ, ನನಗೆ ಸಿ ಭಾಷೆ ಕಲಿಸಿದ ಮೇಲಧಿಕಾರಿ ಅವರು. ನಾವೆಲ್ಲ 'ಸಾಹೇಬ್ರು' ಎನ್ನುತ್ತಿದ್ದೆವು.

ಕುರುಗೋಡಿನಲ್ಲಿ ಬಂಡಿ ಮಾಡುತ್ತಿದ್ದ ಬಡಗಿಯ ಮಗ. ಯಾವ ಪ್ರೋಗ್ರಾಂ ತೋರಿಸಿದರೂ ಒಂದೇ ಮಾತು: "ಬಂಡಿ ಹೂಡೋಕಿಂತ ಮೊದಲ ಕೀಲು ನೋಡಬೇಕವ್ವ. ದಾರ್ಯಾಗ ಗಾಲಿ ಕಳಚಿದರ ಯಾರನ್ನ ಕರೀತಿ?"

ಅವರ ಕೀಲು ಒಂದು ವಿಚಿತ್ರ ಸಾಲು. ಪ್ರತಿ ಪ್ರೋಗ್ರಾಮಿನ ತಲೆಯಲ್ಲಿ ಬರೆಸುತ್ತಿದ್ದರು: ಈ ಯಂತ್ರದಲ್ಲಿ 'ಇಂಟ್' ಎಂಬ ಅಂಕಿಗೆ ನಾಲ್ಕು ಬೈಟ್ ಜಾಗವಿದ್ದರೆ ಒಂದು ಮನೆಯ ಅರೇ, ಅಂದರೆ ಅಂಕಿಗಳನ್ನಿಡುವ ಮನೆಸಾಲು, ಮಾಡು, ಇಲ್ಲದಿದ್ದರೆ ಮೈನಸ್ ಒಂದು ಮನೆಯದು. ಮೈನಸ್ ಮನೆ ಕಟ್ಟಲು, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಯಾವ ಕಂಪೈಲರೂ ಒಪ್ಪುವುದಿಲ್ಲ. ಜಾಗ ಸಾಲದ ಕಡೆ ಪ್ರೋಗ್ರಾಂ ಹುಟ್ಟುವ ಮುಂಚೆಯೇ ನಿಲ್ಲುತ್ತದೆ. ನಮ್ಮ ಯಂತ್ರದಲ್ಲಿ ಒಂದು ದಿನವೂ ನಿಂತದ್ದಿಲ್ಲ. ನಾನದನ್ನು ದೃಷ್ಟಿಬೊಂಬೆ ಎಂದು ಗೇಲಿ ಮಾಡುತ್ತಿದ್ದೆ.

ಸಿರುಗುಪ್ಪದ ಕಾಲುವೆಯ ನೀರಿನ ಸರದಿಪಟ್ಟಿಗೆ ಪ್ರೋಗ್ರಾಂ ಬರೆದಾಗ ಆ ಸಾಲನ್ನು ಕಿತ್ತೇಹಾಕಿದೆ. ಸಾಹೇಬ್ರು ಅದನ್ನು ಮತ್ತೆ ಸೇರಿಸಿ, ಫ್ಲಾಪಿ ಕೈಗಿಟ್ಟರು. ಸಿರುಗುಪ್ಪದ ಕಚೇರಿಯ ಚಿಕ್ಕ ಯಂತ್ರದಲ್ಲಿ, ವರಾಂಡದಲ್ಲಿ ರೈತರು ಪಟ್ಟಿಗೆ ಕಾಯುತ್ತಿರುವಾಗಲೇ, ಕಂಪೈಲರ್ ಅದೇ ಸಾಲಿಗೆ ಬಂದು ನಿಂತುಬಿಟ್ಟಿತು. ಮೈಯೆಲ್ಲ ಉರಿಯಿತು. ಬಳ್ಳಾರಿಗೆ ಫೋನ್ ಹಚ್ಚಿ, "ನಿಮ್ಮ ಸಾಲು ನನ್ನ ಮಾನ ಕಳೀತ್ರಿ," ಎಂದೆ.

"ನಿಂತಿತೇನು? ಸದ್ಯ, ಬದುಕಿದಿ!" ಎಂದು ನಕ್ಕರು. "ಅಲ್ಲಿ ಇಂಟಿಗೆ ಎರಡ ಬೈಟ್ ಐತಿ. ಮೂವತ್ತೆರಡು ಸಾವಿರ ಚಿಲ್ಲರೆ ದಾಟಿದರ ಲೆಕ್ಕ ಉಲ್ಟಾ ಹೊಡೀತೈತಿ. ತಿಂಗಳಿಗೆ ಎಷ್ಟು ನಿಮಿಷ, ಹೇಳು?"

ಪೆನ್ನು ತೆಗೆದು ಗುಣಿಸಿದೆ. ತಿಂಗಳ ಮೊದಲ ದಿನದಿಂದ ಸರದಿಯನ್ನು ನಿಮಿಷಗಳಲ್ಲೇ ಎಣಿಸಿದ್ದೆ. ಮೂವತ್ತು ದಿನಕ್ಕೆ ನಲವತ್ಮೂರು ಸಾವಿರದ ಇನ್ನೂರು. ಇಪ್ಪತ್ಮೂರನೆಯ ದಿನದಿಂದ ಪಟ್ಟಿ ಕೆಡುತ್ತಿತ್ತು. ಆ ದಿನಗಳೆಲ್ಲ ಕಾಲುವೆಯ ಕೊನೆಯ ಹೊಲಗಳವು.

"ನಿಮಿಷ ಇದ್ದಲ್ಲೆಲ್ಲಾ ಲಾಂಗ್ ಹಾಕು, ಅದಕ್ಕ ನಾಲ್ಕು ಬೈಟ್ ಐತಿ. ಆ ಸಾಲಿನ್ಯಾಗೂ ಲಾಂಗ್ ಅಂತ ಬರಿ. ತೆಗೀಬ್ಯಾಡ ಮತ್ತ."

ಮಧ್ಯಾಹ್ನದೊಳಗೆ ಸರಿಯಾದ ಪಟ್ಟಿ ಹೊರಬಿತ್ತು. ಕೊನೆಯ ಹೊಲದ ಅಜ್ಜಿಯೊಬ್ಬಳು ತನ್ನ ಹೆಸರು ತೋರಿಸಿಕೊಂಡು, "ಇಪ್ಪತ್ತೆಂಟಕ್ಕ ನೀರು ಬರ್ತೈತಲ್ಲ, ಸಾಕ್ ಬಿಡವ್ವ," ಎಂದಾಗ ಹೋದ ಜೀವ ಬಂದಂತಾಯಿತು.

ಸಾಹೇಬ್ರು ತೀರಿಕೊಂಡು ಎಷ್ಟೋ ವರ್ಷವಾಯಿತು. ನಾನು ಸಾಲು ಕಿತ್ತದ್ದನ್ನು ಅವರು ಕೊನೆಯವರೆಗೂ ಯಾರ ಮುಂದೆಯೂ ಆಡಲಿಲ್ಲ. ಈಗ ನಾನೇ ಹೇಳುತ್ತೇನೆ, ನನ್ನ ಹತ್ತಿರ ಕಲಿಯಲು ಬಂದವರಿಗೆಲ್ಲ, ಮೊದಲ ದಿನವೇ. ಹೇಳಿ ಮುಗಿಸಿ, ಆ ಸಾಲನ್ನು ಅವರ ಕೈಯಿಂದಲೇ ಬರೆಸುತ್ತೇನೆ.