ಉಡಿ ತುಂಬಿ ಕೊಟ್ಟ ಕೆಲಸ

ಬಸವಕಲ್ಯಾಣದಲ್ಲಿ ನನ್ನದೊಂದು ರೊಟ್ಟಿ ಕೇಂದ್ರವಿದೆ. ಕಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಅಗಸೆ ಹಿಂಡಿಯಂಥ ಚಟ್ನಿಪುಡಿ ಮಾಡಿ ಊರೂರಿಗೆ ಕಳಿಸುತ್ತೇವೆ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಬೆಳಗಾಗುತ್ತಲೇ ಬಂದು ಒಲೆ ಹಿಡಿಯುತ್ತಾರೆ. ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಕಣ್ಣೆದುರು ನಡೆದರೆ ಕೆಲಸ, ಕಣ್ಮರೆಯಾದರೆ ನೆಪ ಎಂದು ನಂಬಿ ಬಂದವಳು ನಾನು. ರೊಟ್ಟಿಯ ಮಟ್ಟಿಗೆ ಆ ನಂಬಿಕೆ ಕೈಕೊಟ್ಟಿಲ್ಲ.

ಆರ್ಡರುಗಳು ಮಾತ್ರ ಕಣ್ಣೆದುರು ಬರುವುದಿಲ್ಲ. ಎಲ್ಲ ಫೋನಿನಲ್ಲಿ. ಒಬ್ಬರು ಮಾತಾಡಿ ಕಳಿಸುತ್ತಾರೆ, ಇನ್ನೊಬ್ಬರು ಫೋಟೋ ಹಾಕುತ್ತಾರೆ, ಮತ್ತೊಬ್ಬರು ‘ಹೋದ ಸಲದಷ್ಟೇ’ ಎಂದು ಸುಮ್ಮನಾಗುತ್ತಾರೆ. ಕಳೆದ ವರ್ಷ ಸೊಲ್ಲಾಪುರದ ಒಂದು ಮದುವೆಯೂಟಕ್ಕೆ ಜೋಳದ ರೊಟ್ಟಿ ಹೋಗಬೇಕಾದಲ್ಲಿ ಸಜ್ಜೆ ರೊಟ್ಟಿ ಹೋಯಿತು. ಆ ಗಿರಾಕಿ ಫೋನಿನಲ್ಲಿ ಬೈಯುವಾಗ, ನನಗೆ ಮರಾಠಿ ಇಷ್ಟು ಚೆನ್ನಾಗಿ ಬರುತ್ತದಲ್ಲ ಎಂದು ಮೊದಲ ಸಲ ಬೇಜಾರಾಯಿತು. ಆರ್ಡರಿಗೆಂದೇ ಒಂದು ಆ್ಯಪ್ ಮಾಡಿಸೋಣ ಎಂದು ಅಂದೇ ತೀರ್ಮಾನಿಸಿದೆವು.

ಹುಮನಾಬಾದಿನ ನಮ್ಮ ನಂಟರೊಬ್ಬರು ಒಬ್ಬ ಹುಡುಗಿಯ ವಿಷಯ ಹೇಳಿದರು. ಹುಡುಗಿ ಎಂದರೆ ಒಂದು ಮಗುವಿನ ತಾಯಿ. ಮಾಣಿಕನಗರದ ಸೊಸೆ. ಅತ್ತೆಯದು ಮಠದ ದಾರಿಯಲ್ಲಿ ತೆಂಗಿನಕಾಯಿ, ಊದಿನಕಡ್ಡಿ ಮಾರುವ ಅಂಗಡಿ. ಮದುವೆಗೆ ಮುಂಚೆ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದವಳು ಈಗ ಮನೆಯಲ್ಲೇ ಕೂತು ಗುತ್ತಿಗೆಯ ಮೇಲೆ ಮಾಡಿಕೊಡುತ್ತಾಳಂತೆ.

ಮೊದಲ ದಿನ ಬಂದವಳು ನೀರು ಕುಡಿದು ನೇರವಾಗಿ ವಿಷಯಕ್ಕೆ ಬಂದಳು.

“ಅಕ್ಕಾರ, ಆರ್ಡರ್ ತಗೊಳ್ಳೋದು, ಮಾಲು ಎಷ್ಟು ಅದ ಅಂತ ತೋರಸೋದು, ಬಿಲ್ ಮಾಡೋದು. ಈ ಮೂರು ಮಾಡಿಕೊಡ್ತೀನ್ರಿ. ದಸರಾಕ್ಕಿಂತ ಮೊದಲ ಮುಗಿಸಬೇಕು. ಹುಮನಾಬಾದ್ ಔಷಧ ಫ್ಯಾಕ್ಟರಿಯವರು ತಮ್ಮ ಸ್ಟೋರಿನ ಕೆಲಸಕ್ಕ ಕರದಾರ. ಒಂದು ನಮೂನಿ ಮಾಡಿ ತೋರಸಂದಾರ. ಅದು ಸಿಕ್ಕರ ನಮ್ಮತ್ತಿ ನನಗ ಈ ಕೆಲಸ ಮಾಡಾಕ ಬಿಡ್ತಾರ್ರಿ. ಇಲ್ಲಂದ್ರ ಅಂಗಡ್ಯಾಗ ಕೂಡು ಅಂದಾರ.”

ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ಕೇಳಿಸಲಿಲ್ಲ ಎನ್ನಲು ನನಗೆ ಯಾವ ದಾರಿಯೂ ಇಲ್ಲ.

ಅಂದು ಅವಳನ್ನು ಊಟಕ್ಕೆ ಕೂರಿಸಿದೆ. ಪುಂಡಿಪಲ್ಯ, ಬಿಸಿ ರೊಟ್ಟಿ, ಕೆನೆಮೊಸರು. ಮಾತಿಗೆ ಮಾತು ಬಂದು, ಅವಳಿಗೆ ತಂದೆತಾಯಿ ಇಬ್ಬರೂ ಇಲ್ಲ ಎಂದು ತಿಳಿಯಿತು. ನನ್ನ ಕರುಳು ಚುರ್ ಎಂದದ್ದು ಸುಳ್ಳಲ್ಲ. ಹೊರಡುವಾಗ ಕುಂಕುಮ ಹಚ್ಚಿ, ಕುಬಸದ ಕಣ, ಅಕ್ಕಿ, ಅಡಿಕೆ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದೆ. “ತವರಿಲ್ಲ ಅಂತ ಅನಬ್ಯಾಡ. ಇದೇ ನಿನ್ನ ತವರಮನಿ. ನನಗ ಅಕ್ಕಾರ ಅನಬ್ಯಾಡ, ಅವ್ವ ಅನ್ನು” ಎಂದೆ. ಅವಳು ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಳು. ಕಣ್ಣು ತುಂಬಿದ್ದವು.

ಅಲ್ಲಿಂದ ಶುರುವಾಯಿತು ನನ್ನ ತಾಯ್ತನ.

ಕೆಲಸ ಮನೆಯಿಂದಲೇ ಮಾಡಿ ಕಳಿಸುತ್ತೇನೆ ಎಂದಳು. ನಾನು ಒಪ್ಪಲಿಲ್ಲ, ವಾರಕ್ಕೊಮ್ಮೆಯಾದರೂ ಬಂದು ನನ್ನೆದುರು ಕೂತು ಮಾಡಬೇಕು ಎಂದೆ. ಬಸ್ಸು ಹತ್ತಿ ಬರುತ್ತಿದ್ದಳು. ಬಂದಾಗೆಲ್ಲ ಊಟ. ಊಟಕ್ಕೆ ಕೂತಾಗೆಲ್ಲ ನನ್ನದೊಂದು ‘ಸಣ್ಣ ಕೆಲಸ’. ತಟ್ಟೆಗೆ ತುಪ್ಪ ಹಾಕುತ್ತ, “ಸೊಲ್ಲಾಪುರದವರಿಗೆ ಮರಾಠಿ ಒಳಗೂ ಬರಂಗ ಮಾಡವ್ವಾ” ಎಂದೆ. ಮಾಡಿದಳು. ಮುಂದಿನ ಸಲ ಶೇಂಗಾ ಹೋಳಿಗೆ ಬಡಿಸಿ, ರೊಟ್ಟಿ ಬಡಿಯುವವರ ಹಾಜರಿಯೂ ಅದರಲ್ಲೇ ಇರಲಿ ಎಂದೆ. ಅದೂ ಆಯಿತು. ಪೊಟ್ಟಣದ ಮೇಲೆ ಅಂಟಿಸುವ ಚೀಟಿ, ಆರ್ಡರ್ ಬಂದಾಗ ಗಂಟೆಯ ಸದ್ದು. ನನ್ನ ನಾದಿನಿಯ ಬಸುರಿ ಮಗಳ ಕುಬಸದ ಕಾರ್ಯದ ಆಮಂತ್ರಣವನ್ನೂ ಅವಳ ಕೈಯಲ್ಲೇ ಮಾಡಿಸಿದೆ. ಬಾಯಲ್ಲಿ ತುತ್ತಿಟ್ಟುಕೊಂಡವಳು ಇಲ್ಲ ಎನ್ನುವುದು ಹೇಗೆ? ಅದು ನನಗೆ ಗೊತ್ತಿತ್ತೇ? ಗೊತ್ತಿತ್ತು ಎಂದೇ ಈಗ ಅನಿಸುತ್ತದೆ. ಹೆಚ್ಚಿನ ಕೆಲಸಕ್ಕೆ ಕೂಲಿಯ ಮಾತು ಬರಲೇ ಇಲ್ಲ. ಮನೆಮಗಳಿಗೆ ಯಾರಾದರೂ ಕೂಲಿ ಕೊಡುತ್ತಾರೆಯೇ! ಹೊರಡುವಾಗ ಮಾತ್ರ ತಪ್ಪದೆ ಉಡಿ ತುಂಬುತ್ತಿದ್ದೆ.

ಕೊನೆಯದು ದೀಪ. ಆ್ಯಪ್ ತೆರೆದ ಕೂಡಲೇ ಒಂದು ಹಣತೆ ಬೆಳಗಬೇಕು, ಅದರ ಜ್ಯೋತಿ ಅಲುಗಾಡಬೇಕು ಎಂದು ಹಟ ಹಿಡಿದೆ.

“ಬ್ಯಾಡವ್ವಾ. ನಿಮ್ಮವರ ಹತ್ರ ಹಳೇ ಫೋನ್ ಅದಾವ. ಜಡ ಆಗ್ತದ” ಎಂದಳು.

“ಅಂಗಡಿ ತೆಗದು ದೀಪ ಹಚ್ಚದೆ ಯಾರರ ಯಾಪಾರ ಮಾಡ್ತಾರೇನವ್ವಾ?” ಎಂದೆ. ಅಂದು ಅವಳು ಮಜ್ಜಿಗೆಯನ್ನೂ ಕುಡಿಯದೆ ಎದ್ದಳು. ಬಸ್ಸಿನ ಹೊತ್ತಾಗಿರಬೇಕು ಎಂದುಕೊಂಡೆ.

ದಸರೆ ಹತ್ತಿರ ಬಂತು. ಆರ್ಡರುಗಳು ಸುರಿಯತೊಡಗಿದ ಒಂದು ಬೆಳಿಗ್ಗೆ ನಮ್ಮ ಹೆಣ್ಣುಮಕ್ಕಳ ಫೋನುಗಳಲ್ಲಿ ಆ್ಯಪ್ ತೆರೆಯಲೇ ಇಲ್ಲ. ದೀಪ ಕಾಣುತ್ತದೆ, ಅರ್ಧ ಅಲುಗಿ ನಿಂತುಬಿಡುತ್ತದೆ. ಅವಳಿಗೆ ಫೋನ್ ಮಾಡಿದೆ.

“ದೀಪ ತೆಗದ್ರ ಸರಿ ಆಗ್ತದವ್ವಾ, ಇಲ್ಲಿಂದೇ ತೆಗೀತೀನಿ. ಇವತ್ತ ನಾ ಫ್ಯಾಕ್ಟರಿಗೆ ಹೋಗಾಕತ್ತೀನಿ, ನಮೂನಿ ತೋರಸೋದದ.”

“ದೀಪ ತೆಗೀಬ್ಯಾಡ. ಇಲ್ಲೇ ಬಂದು, ನನ್ನ ಎದುರಿಗೆ ಕೂತು, ದೀಪ ಇಟ್ಟೇ ಸರಿ ಮಾಡು” ಎಂದೆ. ಅಷ್ಟಕ್ಕೇ ನಿಲ್ಲದೆ ಆ ಮಾತನ್ನು ಆಡಿದೆ: “ತವರಮನಿ ಒಲಿ ಆರಿ ಕೂತದ, ನೀ ಫ್ಯಾಕ್ಟರಿಗೆ ಹೋಗ್ತಿ ಏನವ್ವಾ?”

ಬಂದಳು. ಒಲೆಯ ಹೊಗೆಯಲ್ಲಿ ಕೂತು ಸಂಜೆಯತನಕ ಮಾಡಿದಳು. ಪಕ್ಕದಲ್ಲಿಟ್ಟ ಅವಳ ಫೋನು ಮತ್ತೆ ಮತ್ತೆ ಮಿನುಗಿತು. ಒಮ್ಮೆ ಎತ್ತಿಕೊಂಡು ಹೊರಗೆ ಹೋಗಿ, ಮೆಲ್ಲಗೆ ಏನೋ ಹೇಳಿ ಬಂದಳು. ನನ್ನ ದೀಪ ಬೆಳಗಿತು. ಊಟ ಬೇಡ ಎಂದಳು. ಉಡಿ ತುಂಬಲು ಹೋದರೆ, “ಹೊತ್ತಾಗ್ಯಾದವ್ವಾ” ಎಂದು ಕುಂಕುಮವನ್ನಷ್ಟೇ ಹಚ್ಚಿಸಿಕೊಂಡು ನಡೆದಳು. ಎಷ್ಟು ಸೊಕ್ಕು ಎಂದು ಗಂಡನ ಎದುರು ಗೊಣಗಿದೆ. ಅವರು ಯಾವತ್ತೂ ನನ್ನ ಮಾತಿಗೆ ಎದುರಾಡದವರು, “ಸೊಕ್ಕು ಅಕಿದಲ್ಲ” ಎಂದು ಎದ್ದುಹೋದರು.

ಫ್ಯಾಕ್ಟರಿಯವರು ಕಾಯಲಿಲ್ಲ, ಕೆಲಸ ಬೇರೆಯವರಿಗೆ ಹೋಯಿತು. ಇದನ್ನು ಅದೇ ನಂಟರು ದಸರೆಯ ಬನ್ನಿ ಕೊಡಲು ಬಂದಾಗ ಹೇಳಿದರು. ಅವರ ಕೈಯ ಬನ್ನಿ ತೆಗೆದುಕೊಂಡು, ನಮಸ್ಕಾರ ಮಾಡುವುದನ್ನೂ ಮರೆತು ಒಳಗೆ ಹೋದೆ. ಒಲೆಯ ಮುಂದಿದ್ದವರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಅವರೆಲ್ಲರಿಗೂ ಮೊದಲೇ ಗೊತ್ತಿತ್ತೇನೋ ಅನಿಸಿ ಮೈಯೆಲ್ಲ ಮುದುಡಿತು.

ಮಾಣಿಕನಗರಕ್ಕೆ ಹೋದೆ. ಅತ್ತೆಯ ಎದುರು ನಿಜ ಹೇಳಿ, ಅವಳ ಕೆಲಸ ಉಳಿಸಬೇಕು ಎಂಬುದೊಂದೇ ತಲೆಯಲ್ಲಿತ್ತು. ಅವಳು ಅಂಗಡಿಯಲ್ಲಿ ತೆಂಗಿನಕಾಯಿಯ ಜುಟ್ಟು ಕೀಳುತ್ತ ಕೂತಿದ್ದಳು. ನನ್ನನ್ನು ಕಂಡು ಎದ್ದು, “ಬರ್ರಿ ಅವ್ವಾ” ಎಂದಳು. ಮುಖದಲ್ಲಿ ಏನೂ ಇರಲಿಲ್ಲ.

ಅತ್ತೆ ಚಾಪೆ ಹಾಸಿ, ಚಹಾ ತರಿಸಿ, ನನ್ನ ಕೈ ಹಿಡಿದುಕೊಂಡರು. “ತವರಿಲ್ಲದ ಹುಡಿಗಿಗೆ ನೀವು ತವರಾದ್ರಿ. ಹೋದಾಗೆಲ್ಲ ಉಡಿ ತುಂಬಿ ಕಳಸ್ತೀರಿ. ದೀಪದ ಆ್ಯಪ್ ನಮಗೂ ತೋರಸ್ಯಾಳ್ರಿ. ಫ್ಯಾಕ್ಟರಿ ಕೆಲಸ ಮಾತ್ರ ಇಕಿ ಕೈಲಿ ಆಗಲಿಲ್ಲ ನೋಡ್ರಿ. ಹ್ಯಾಂಗ ಮಾಡೂದು ತಿಳೀಲಿಲ್ಲ, ನಾನೇ ಬಿಟ್ಟೆ ಅಂದಳು. ಹೋಗ್ಲಿ, ಅಂಗಡ್ಯರ ನೋಡ್ಕೊಂಡು ಇರ್ತಾಳ.”

ಅವಳು ಹಾಗೆ ಹೇಳಿದ್ದಳು. ಗಂಡನ ಮನೆಯಲ್ಲಿ ತವರಿನ ಮಾನ ತೆಗೆಯಬಾರದೆಂದು, ತನ್ನ ಕೈಯ ವಿದ್ಯೆಯನ್ನೇ ತಾನು ಹಳಿದುಕೊಂಡಿದ್ದಳು. ನಾನು ಸುಮ್ಮನೆ ಬಾಯಿಮಾತಿಗೆ ಆಡಿದ ತವರನ್ನು ಅವಳು ನಿಜವೆಂದೇ ನಡೆಸಿದ್ದಳು. ಚಹಾದ ಲೋಟವನ್ನು ಕೆಳಗಿಟ್ಟೆ.

“ಅಕಿದೇನೂ ತಪ್ಪಿಲ್ಲರೀ ಬಾಯಾರ,” ಎಂದೆ. “ಆ ದಿನ ಅಕೀನ್ನ ಫ್ಯಾಕ್ಟರಿಗೆ ಹೋಗಗೊಡದಾಕಿ ನಾನು. ನನ್ನ ಹಟದ ಸಲುವಾಗಿ ಅಕಿ ಕೆಲಸ ಹೋಯ್ತು. ಅಕಿಗೆ ಎಲ್ಲಾ ಬರ್ತದ. ಈ ಕೆಲಸ ಬಿಡಿಸಬ್ಯಾಡ್ರಿ.”

ಅತ್ತೆ ನನ್ನ ಮುಖ ನೋಡಿ ನಕ್ಕರು. ಅವರ ಕಣ್ಣಲ್ಲಿ ನೀರಾಡಿತು. “ನೋಡು,” ಎಂದು ಸೊಸೆಯ ಕಡೆ ತಿರುಗಿದರು, “ತವರಂದ್ರ ಹಿಂಗಿರಬೇಕು. ಮಗಳ ತಪ್ಪು ತಮ್ಮ ತಲಿ ಮ್ಯಾಲ ಹಾಕ್ಕೋಳಾಕತ್ತಾರ!”

ಇಲ್ಲ, ಖರೆ ಹೇಳಾಕತ್ತೀನಿ ಎಂದೆ. ಮತ್ತೊಮ್ಮೆ ಹೇಳಿದೆ. ಹೇಳಿದಷ್ಟೂ ಅವರ ಕಣ್ಣಲ್ಲಿ ನಾನು ದೊಡ್ಡವಳಾಗುತ್ತಿದ್ದೆ. ಕೊನೆಗೆ ಅವರೇ ಸೊಸೆಯನ್ನು ಕರೆದು ನನಗೆ ಉಡಿ ತುಂಬಿಸಿದರು. ಅವಳು ಬಗ್ಗಿ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು ಇಟ್ಟಳು. ನಾನು ಸೆರಗು ಹಿಡಿದುಕೊಂಡು ನಿಂತಿದ್ದೆ, ತಲೆ ಎತ್ತಲಾಗಲಿಲ್ಲ.

ಆಟೋ ನಿಲ್ಲುವಲ್ಲಿಯವರೆಗೆ ಕಳಿಸಲು ಬಂದಳು. ಆಟೋ ಹತ್ತಿ ಕೂತ ಮೇಲೆ, “ನನ್ನ ಮ್ಯಾಲ ಸಿಟ್ಟಿದ್ರ ಬೈದುಬಿಡವ್ವಾ” ಎಂದೆ.

“ಸಿಟ್ಟಿಲ್ರಿ ಮೇಡಂ,” ಎಂದಳು. “ಮುಂದ ಕೆಲಸ ಇದ್ರ ಕರೀರಿ, ಮಾಡಿಕೊಡ್ತೀನಿ. ಊಟಕ್ಕ ಕರೀಬ್ಯಾಡ್ರಿ.”