ರೇವಣಪ್ಪನ ಕೈಕ್ಲಚ್ಚಿನ ಕಾರು

ಅಜ್ಜಂಪುರದ ರೇವಣಪ್ಪನ ಎಡಮಂಡಿ ಮಡಿಚುತ್ತಿರಲಿಲ್ಲ. ಅದು ಬಸ್ಸಿನ ದೆಸೆಯಿಂದ ಆದದ್ದು. ಸಂತೆಯಿಂದ ಸಂತೆಗೆ ತಿರುಗಿ ಬಟ್ಟೆ ಮಾರುವುದು ಅವನ ಕಸುಬು. ಒಮ್ಮೆ ತರೀಕೆರೆ ಸಂತೆ ಮುಗಿಸಿ, ಬಟ್ಟೆ ಗಂಟುಗಳನ್ನು ಬಸ್ಸಿನ ಟಾಪಿಗೆ ಏರಿಸಿ, ಏಣಿಯಿಂದ ಇಳಿಯುತ್ತಿರುವಾಗಲೇ ಡ್ರೈವರು ಬಸ್ಸು ಬಿಟ್ಟ. ಬಿದ್ದವನ ಮಂಡಿಯನ್ನು ಮೂಳೆ ಕೂರಿಸುವವರೊಬ್ಬರು ಕೂರಿಸಿದರು. ಎಷ್ಟು ಚೆನ್ನಾಗಿ ಕೂರಿಸಿದರೆಂದರೆ ಅದು ಮತ್ತೆ ಏಳಲೇ ಇಲ್ಲ. ಸೈಕಲ್ ತುಳಿಯುವ ಹಾಗಿಲ್ಲ, ಬಸ್ಸು ಹತ್ತಬೇಕಾದರೆ ಇಬ್ಬರು ಎತ್ತಬೇಕು. ಮೂವತ್ತೆರಡರ ಗಂಡಸು ಜಗುಲಿಯ ಕಂಬಕ್ಕೆ ಒರಗಿಕೊಂಡು ಹೋಗಿಬರುವವರನ್ನು ನೋಡುವ ಕೆಲಸಕ್ಕೆ ಇಳಿದ.

ಆ ದಿನಗಳಲ್ಲಿ ಅವನ ಸಂಸಾರಕ್ಕೆ ಅನ್ನ ಹಾಕಿದವನು ಅಣ್ಣ ತೀರ್ಥಪ್ಪ. ಪೇಟೆಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ತೀರ್ಥಪ್ಪ ಊರಿಗೆ ದೊಡ್ಡ ಮನುಷ್ಯ. ಅನ್ನ ಹಾಕುವುದರಲ್ಲಿ ಕೈ ಬಿಗಿ ಮಾಡಲಿಲ್ಲ, ಹಾಕಿದ್ದನ್ನು ನಾಲ್ಕು ಜನಕ್ಕೆ ಹೇಳುವುದರಲ್ಲೂ ಬಾಯಿ ಬಿಗಿ ಮಾಡಲಿಲ್ಲ. ರೇವಣಪ್ಪನಿಗೆ ಮಾತ್ರ ಅಣ್ಣನೆಂದರೆ ತಂದೆಯ ಸಮಾನ. ಹೆಂಡತಿ ವಿಮಲಮ್ಮ ಒಂದು ಮಾತು ಆಡಿದರೂ ಸುಮ್ಮನಿರಿಸುತ್ತಿದ್ದ.

ಎಪ್ಪತ್ತನಾಲ್ಕರಲ್ಲಿ ಕಡೂರಿನ ಮೆಕ್ಯಾನಿಕ್ ನಂಜುಂಡಪ್ಪ ಒಂದು ಸುದ್ದಿ ತಂದ. ಲಕ್ಕವಳ್ಳಿ ಡ್ಯಾಮಿನ ಕಾಲೊನಿಯಲ್ಲಿ ಹಳೇ ಫೋಕ್ಸ್‌ವ್ಯಾಗನ್ ಕಾರೊಂದು ಬಿದ್ದಿದೆ, ಇಟ್ಟುಕೊಂಡಿದ್ದ ಎಂಜಿನಿಯರು ವರ್ಗವಾಗಿ ಹೋಗಿದ್ದಾರೆ, ಪೆಟ್ರೋಲು ಬೆಲೆ ಏರಿದ ಮೇಲೆ ಅದನ್ನು ಕೇಳುವವರೇ ಇಲ್ಲ ಎಂದು. ಗುಡ್ಡದ ಹಾಗೆ ಬೆನ್ನು ಉಬ್ಬಿದ ಪುಟ್ಟ ಕಾರು. ಎಂಜಿನ್ನು ಹಿಂದೆ, ಸಾಮಾನು ಇಡುವ ಜಾಗ ಮುಂದೆ. ರೇಡಿಯೇಟರು ಎಂಬುದೇ ಇಲ್ಲ, ಎಂಜಿನ್ನಿಗೆ ಗಾಳಿಯೇ ತಂಪು.

"ಕಾರ್ ತಗೊಂಡು ನಾನೇನ್ ಮಾಡ್ಲೋ? ಕ್ಲಚ್ ತುಳಿಯೋಕೆ ಕಾಲೆಲ್ಲೈತೆ?" ಎಂದ ರೇವಣಪ್ಪ.

"ಇದ್ರ ಕ್ಲಚ್ಚು ಬರೀ ಒಂದು ಕೇಬಲ್ಲು ಕಣೋ. ಕಾಲಲ್ಲಿ ತುಳಿದ್ರೇನು, ಕೈಯಲ್ಲಿ ಎಳೆದ್ರೇನು? ನೀನು ತಗೊ, ಮಿಕ್ಕಿದ್ದು ನಂಗೆ ಬಿಡು" ಎಂದ ನಂಜುಂಡಪ್ಪ.

ವಿಮಲಮ್ಮ ತವರಿನ ಬಳೆ ಬಿಚ್ಚಿಕೊಟ್ಟಳು. ಕಾರು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಕಡೂರಿಗೆ ಬಂತು. ಸೀಟಿನೊಳಗೆ ಕೋಳಿ ಮೊಟ್ಟೆಯಿಟ್ಟಿತ್ತು. ಒಂದು ಮಳೆಗಾಲ ಪೂರ್ತಿ ಇಬ್ಬರೂ ಅದಕ್ಕೇ ಅಂಟಿಕೊಂಡರು. ಆರು ವೋಲ್ಟಿನ ಬ್ಯಾಟರಿ ಈ ಕಡೆ ಸಿಗುತ್ತಿರಲಿಲ್ಲ. ಡೈನಮೊ ಹೊಸದಾಗಿ ಸುತ್ತಿಸಿ, ಬಲ್ಬುಗಳನ್ನೆಲ್ಲ ಬದಲಿಸಿ ಹನ್ನೆರಡು ವೋಲ್ಟಿಗೆ ತಂದರು. ದನ ಮೇಯುವ ಕಾವಲಿನ ಗಾಡಿದಾರಿಯಲ್ಲಿ ಹೊಟ್ಟೆ ಉಜ್ಜದ ಹಾಗೆ ಗಾಡಿಯನ್ನು ಎತ್ತರಿಸಿದರು. ಹಿಂದಿನ ಸೀಟು ಕಿತ್ತು ಹಲಗೆ ಹಾಸಿ ಬಟ್ಟೆ ಗಂಟಿಗೆ ಜಾಗ ಮಾಡಿದರು. ಕೊನೆಗೆ ಕ್ಲಚ್ಚಿನ ಕೇಬಲ್ಲಿಗೆ ಒಂದು ಉದ್ದನೆಯ ಕಬ್ಬಿಣದ ಹಿಡಿ ಜೋಡಿಸಿ ಬಲಗಡೆ ಬಾಗಿಲ ಪಕ್ಕ ಕೂರಿಸಿದರು. ಬಲಗೈಯಲ್ಲಿ ಅದನ್ನು ಎಳೆದು ಎಡಗೈಯಲ್ಲಿ ಗೇರು ಹಾಕಬೇಕು. ಆ ಒಂದು ಗಳಿಗೆ ಸ್ಟೇರಿಂಗು ಶಿವನ ಕೈಯಲ್ಲಿ.

ಮೊದಲ ಸಲ ಅಜ್ಜಂಪುರಕ್ಕೆ ತಾನೇ ಓಡಿಸಿಕೊಂಡು ಬಂದ ದಿನ ಬೇಲಿ ಒಂದನ್ನು ನೆಲಸಮ ಮಾಡಿದ್ದು ನಿಜ. ಆದರೆ ಆಮೇಲಿನ ಒಂಬತ್ತು ವರ್ಷ ಅವನ ಕಾರು ಯಾರ ಬೇಲಿಗೂ ತಾಗಲಿಲ್ಲ. ಕಡೂರು, ತರೀಕೆರೆ, ದೇವನೂರು, ಎಮ್ಮೆದೊಡ್ಡಿ ಕಡೆಯ ಹಳ್ಳಿಗಳು, ಎಲ್ಲಿ ಸಂತೆಯೋ ಅಲ್ಲಿ ರೇವಣಪ್ಪ. ಮುಂದಿನ ಮುಚ್ಚಳ ತೆಗೆದರೆ ಸೀರೆ, ಪಂಚೆ, ಲಂಗದ ಬಟ್ಟೆ. ಆಮೆ ಕಾರಿನವನು ಬಂದ, ಕಾರಿನ ಬಾಯಿಂದ ಸೀರೆ ತೆಗೆಯುತ್ತಾನೆ ಎಂದು ಹೆಂಗಸರು ಬರುತ್ತಿದ್ದರು. ಬೇಸಿಗೆಯಲ್ಲಿ ಅಂಬಾಸಿಡರ್ ಡ್ರೈವರುಗಳು ಬಕೆಟ್ಟು ಹಿಡಿದು ಬಾವಿ ಹುಡುಕುವಾಗ ಇವನು ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದ. ಅಷ್ಟು ಜಂಭ ಅವನಿಗೆ ಇತ್ತು, ಇರಲಿ ಬಿಡಿ.

ನೀರು ಕೇಳದ ಕಾರು ಬೇರೆ ಎಲ್ಲವನ್ನೂ ಕೇಳುತ್ತಿತ್ತು. ಬೆಳಗ್ಗೆ ಎದ್ದರೆ ಮೊದಲು ಆಯಿಲ್ ಮಟ್ಟ ನೋಡಬೇಕು. ವಾಲ್ವ್ ಸರಿ ಮಾಡುವುದಿದ್ದರೆ ಎಂಜಿನ್ನು ಪೂರಾ ತಣ್ಣಗಿರುವಾಗಲೇ ಮಾಡಬೇಕು. ಎರೆಮಣ್ಣಿನ ಧೂಳಿಗೆ ಗಾಳಿ ಸೋಸುವ ಡಬ್ಬಿಯನ್ನು ವಾರವಾರ ಬಿಚ್ಚಿ ತೊಳೆಯಬೇಕು. ಫ್ಯಾನ್ ಬೆಲ್ಟ್ ಕಿತ್ತುಹೋದರೆ ಅಲ್ಲೇ ನಿಲ್ಲಿಸಬೇಕು, ನಾಲ್ಕು ಹೆಜ್ಜೆ ಓಡಿಸಿದರೂ ಎಂಜಿನ್ನು ಸುಟ್ಟಿತು. ಅದಕ್ಕೇ ಅಕ್ಕಿ ಗಿರಣಿಯ ಚಿಕ್ಕ ಬೆಲ್ಟೊಂದನ್ನು ಹೊಂದಿಸಿ ಯಾವಾಗಲೂ ಜೊತೆಯಲ್ಲಿ ಇಟ್ಟಿರುತ್ತಿದ್ದ. ಮಂಡಿ ಮಡಿಚದ ಕಾಲನ್ನು ಉದ್ದಕ್ಕೆ ಚಾಚಿ, ಕಾರಿನ ಹಿಂದೆ ಗೋಣಿಚೀಲದ ಮೇಲೆ ಕೂತು ಈ ಚಾಕರಿ ಮಾಡುವಾಗ ವಿಮಲಮ್ಮ ಕಾಫಿ ತಂದು ಪಕ್ಕದಲ್ಲಿ ಇಡುತ್ತಿದ್ದಳು.

"ಹೆತ್ತ ಮಗಳಿಗೂ ಇಷ್ಟು ಮಾಡ್ಲಿಲ್ಲ ನೀವು" ಎಂದು ಅವಳು ರೇಗಿಸಿದರೆ, "ಅವ್ಳಿಗೆ ಕಾಲೈತೆ ಕಣೇ. ನಂಗೆ ಇದೇ ಕಾಲು" ಎನ್ನುತ್ತಿದ್ದ. ಅದು ತಮಾಷೆಯ ಮಾತಾಗಿರಲಿಲ್ಲ. ಕಾರು ನಿಂತರೆ ಅವನು ಮತ್ತೆ ಜಗುಲಿಯ ಕಂಬಕ್ಕೇ ಹೋಗಬೇಕಿತ್ತು, ಅದು ಮನೆಯವರೆಲ್ಲರಿಗೂ ಗೊತ್ತಿತ್ತು.

ಎಂಬತ್ತಮೂರರ ಬೇಸಿಗೆಯಲ್ಲಿ ಅವರ ಮಠದ ಸ್ವಾಮಿಗಳು ಹೈಸ್ಕೂಲು ಕಟ್ಟಿಸುವ ಸಂಕಲ್ಪ ಮಾಡಿ ಭಕ್ತರ ಊರುಗಳಿಗೆ ಹೊರಟರು. ಮಠದ ಅಂಬಾಸಿಡರು ಊರಿಗೊಮ್ಮೆ ಕುದಿದು ನಿಲ್ಲುತ್ತಿತ್ತು. ತೀರ್ಥಪ್ಪ ತಮ್ಮನ ಮನೆಗೆ ಬಂದ.

"ಲೇ ರೇವಣ್ಣ, ಬುದ್ಧಿಯೋರ್ನ ನಿನ್ ಕಾರಲ್ಲಿ ಕೂರಿಸ್ಕೊಂಡು ಹೋಗೋ. ಇಂಥಾ ಪುಣ್ಯ ಎಲ್ಲಿ ಸಿಗುತ್ತೆ?"

ರೇವಣಪ್ಪನ ಕಣ್ಣಲ್ಲಿ ನೀರು ಬಂತು. ಅಣ್ಣ ತನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಹಲಗೆ ತೆಗೆದು ಸೀಟು ಕೂರಿಸಿ, ಹೊಸ ಬಟ್ಟೆ ಹೊದಿಸಿ, ಸಂತೆಗಳನ್ನೆಲ್ಲ ಬಿಟ್ಟು ಸ್ವಾಮಿಗಳನ್ನು ಊರೂರಿಗೆ ಕರೆದೊಯ್ದ. ಕಾರು ಒಂದು ಕಡೆಯೂ ಕೈಕೊಡಲಿಲ್ಲ. ಸ್ವಾಮಿಗಳು ಕಡಿಮೆ ಮಾತಿನವರು, ಆದರೂ ಒಮ್ಮೆ ಆ ಕಬ್ಬಿಣದ ಹಿಡಿ ನೋಡಿ, "ನಿನ್ನ ಬುದ್ಧಿಯೇನಪ್ಪಾ ಇದು?" ಎಂದು ಕೇಳಿದರು. "ಕಡೂರು ನಂಜುಂಡಪ್ಪಂದು ಬುದ್ಧೀ" ಎಂದ.

ಪ್ರವಾಸ ಮುಗಿದ ದಿನ ಮಠದಲ್ಲಿ ಸಭೆ. ಪೆಂಡಾಲು ತುಂಬ ಜನ. ಮೈಕಿನ ಮುಂದೆ ತೀರ್ಥಪ್ಪ ನಿಂತಿದ್ದ. ರೇವಣಪ್ಪನ ಹೆಸರು ಕೂಗಿದಾಗ, ಗಾಡಿ ಓಡಿಸಿದ್ದಕ್ಕೆ ಆಶೀರ್ವಾದ ಎಂದುಕೊಂಡು ಅವನು ಊರುಗೋಲಿಟ್ಟುಕೊಂಡು ಹೋದ. ಶಾಲು ಹೊದಿಸಿದರು. ಅವನು ಟವೆಲಿನ ಚುಂಗು ಒಡ್ಡಿದ, ಸ್ವಾಮಿಗಳು ಅದರೊಳಗೆ ಹಣ್ಣು ಹಾಕಿದರು. ಆ ಸೀಮೆಯಲ್ಲಿ ಕಾಣಿಕೆ ಕೊಟ್ಟವನು ಹಾಗೆ ಹಣ್ಣು ತೆಗೆದುಕೊಂಡನೆಂದರೆ ಮುಗಿಯಿತು, ಮಾತು ಕೊಟ್ಟ ಹಾಗೆ. ಹಣ್ಣು ಮಡಿಲಿಗೆ ಬಿದ್ದ ಮೇಲೆ ತೀರ್ಥಪ್ಪ ಬಾಯಿಬಿಟ್ಟ: "ನಮ್ಮ ಮನೆತನದ ಪರವಾಗಿ, ನನ್ನ ತಮ್ಮ ತನ್ನ ಕಾರನ್ನು ಶ್ರೀಮಠಕ್ಕೆ ಭಕ್ತಿಕಾಣಿಕೆಯಾಗಿ ಅರ್ಪಿಸಿದ್ದಾನೆ."

ಚಪ್ಪಾಳೆ ಬಿತ್ತು. ರೇವಣಪ್ಪ ಅಣ್ಣನ ಕಡೆ ತಿರುಗಿದ. ಮಡಿಲಿನ ಹಣ್ಣು ತೆಗೆದು ಗುರುಗಳ ಮುಂದೆ ವಾಪಸ್ಸು ಇಡುವುದೇ? ಅಂಥದ್ದನ್ನು ಅವನ ವಂಶದಲ್ಲಿ ಯಾರೂ ಮಾಡಿರಲಿಲ್ಲ. ಅಷ್ಟರಲ್ಲಿ ತೀರ್ಥಪ್ಪ ಬಂದು ಅವನ ಜೇಬಿನಿಂದ ಕೀ ತೆಗೆದುಕೊಂಡು ಹೋದ. ಅದೇ ಸಭೆಯಲ್ಲಿ ಹೈಸ್ಕೂಲು ಸಮಿತಿಗೆ ತೀರ್ಥಪ್ಪನೇ ಅಧ್ಯಕ್ಷ ಎಂದೂ ತೀರ್ಮಾನವಾಯಿತು. ಒಡಹುಟ್ಟಿದವನ ಕಾಲು ಕಿತ್ತು ಕುರ್ಚಿ ಮಾಡಿಕೊಂಡ ಮನುಷ್ಯನಿಗೆ ಅವತ್ತು ಜನ ಹಾರ ಹಾಕಿದರು.

ಮನೆಗೆ ಬಂದ ರೇವಣಪ್ಪ ಅಣ್ಣನನ್ನು ಒಂದೇ ಮಾತು ಕೇಳಿದ: "ಯಾಕಣ್ಣಯ್ಯ?"

"ನೀನು ಬಿದ್ದಾಗ ಅನ್ನ ಹಾಕ್ದೋರ್ಯಾರು?" ಎಂದ ತೀರ್ಥಪ್ಪ. ರೇವಣಪ್ಪ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಬಟ್ಟೆ ಗಂಟುಗಳು ಹಜಾರದಲ್ಲಿ ಬಿಚ್ಚದೆ ಬಿದ್ದವು. ವಿಮಲಮ್ಮ ಆ ದಿನಗಳಲ್ಲಿ ಹೆಚ್ಚು ಮಾತಾಡಲಿಲ್ಲ. ತನ್ನ ಸಂಕಟ ನೋಡಲಾರದೆ ಹೀಗಾಗಿದ್ದಾಳೆ ಎಂದುಕೊಂಡು ಅವನೇ ಅವಳಿಗೆ ಸಮಾಧಾನ ಹೇಳಿದ.

ಮಠದಲ್ಲಿ ಆ ಕಾರು ಯಾರ ಕೈಗೂ ಒಗ್ಗಲಿಲ್ಲ. ರಿಪೇರಿಗೆಂದು ಕರೆಸಿದ್ದು ನಂಜುಂಡಪ್ಪನನ್ನೇ. ಅವನು ಸಂಕೋಚದ ಮನುಷ್ಯನಲ್ಲ. ನೇರವಾಗಿ ಸ್ವಾಮಿಗಳ ಮುಂದೆ ನಿಂತು, "ಇದು ಕಾರಲ್ಲ ಬುದ್ಧೀ, ಒಬ್ಬ ಕುಂಟನ ಕಾಲು. ಅವನಾಗವನೇ ಕೊಟ್ಟ ಅಂದ್ರೆ ನಾನ್ ನಂಬಲ್ಲ" ಎಂದುಬಿಟ್ಟ.

ಸ್ವಾಮಿಗಳು ಹೇಳಿಕಳಿಸಿದರು. ರೇವಣಪ್ಪ ಹೆಂಡತಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದ. ಹತ್ತುವಾಗ ಇಬ್ಬರು ಎತ್ತಿದರು. ಮಠದಲ್ಲಿ ತೀರ್ಥಪ್ಪ ಆಗಲೇ ಬಂದು ಕೂತಿದ್ದ.

"ಮನಸಾರೆ ಕೊಟ್ಟೆಯೇನಪ್ಪಾ?" ಎಂದು ಸ್ವಾಮಿಗಳು ರೇವಣಪ್ಪನನ್ನು ಕೇಳಿದರು. "ಇಲ್ಲ ಅನ್ನೋದಾದರೆ ಈಗಲೇ ಹೇಳು, ಕಾರು ನಿನ್ನದು. ಕಿತ್ತುಕೊಂಡ ಕಾಣಿಕೆ ಮಠಕ್ಕೆ ಬೇಡ."

ರೇವಣಪ್ಪನಿಗೆ ಹೋದ ಉಸಿರು ಬಂದ ಹಾಗಾಯಿತು. ಆದರೂ ಅಣ್ಣನ ಮುಖದ ಮುಂದೆ ಅಣ್ಣ ಸುಳ್ಳುಗಾರ ಎನ್ನಲು ನಾಲಿಗೆ ಏಳಲಿಲ್ಲ. ಪಕ್ಕಕ್ಕೆ ತಿರುಗಿ, "ನಮ್ಮನೆಯವಳ್ನ ಕೇಳಿ ಬುದ್ಧೀ. ಮನೇಲಿ ಈ ಮಾತು ಆಗಿತ್ತಾ ಅಂತ ಅವ್ಳೇ ಹೇಳ್ತಾಳೆ" ಎಂದ.

ವಿಮಲಮ್ಮ ತೀರ್ಥಪ್ಪನ ಕಡೆ ನೋಡಿದಳು. ಸೆರಗು ಸರಿ ಮಾಡಿಕೊಂಡಳು.

"ಆಗಿತ್ತು ಬುದ್ಧೀ. ಇವ್ರೂ ಒಪ್ಪಿದ್ರು" ಎಂದಳು.

ರೇವಣಪ್ಪ ಅವಳ ಮುಖವನ್ನೇ ನೋಡಿದ. ಅವಳು ತಲೆ ಎತ್ತಲಿಲ್ಲ. ಇವಳಿಗೆ ಮೊದಲಿಂದಲೂ ಗೊತ್ತಿತ್ತು ಎಂಬುದು ಅವನಿಗೆ ಆಗ ತಿಳಿಯಿತು. ತಾನು ಇಲ್ಲ ಎಂದರೆ ಕಾರು ಬರುತ್ತಿತ್ತು. ಆದರೆ ಗುರುಗಳ ಎದುರಿಗೆ ಸುಳ್ಳು ಹೇಳಿದ ಹೆಂಗಸು ಎಂದು ಅವಳು ಬದುಕಿರುವ ತನಕ ಹೆಸರು ಹೊರಬೇಕಿತ್ತು.

"ಹೌದು ಬುದ್ಧೀ. ನಾನೇ ಕೊಟ್ಟಿದ್ದು" ಎಂದ.

ವಾಪಸ್ಸು ಬರುವ ಬಸ್ಸಿನಲ್ಲಿ ಅವನಿಗೆ ಕಿಟಕಿಯ ಪಕ್ಕ ಕಾಲು ಚಾಚಲು ಜಾಗ ಬಿಟ್ಟರು. ಬಹಳ ದೂರ ಬಂದ ಮೇಲೆ ವಿಮಲಮ್ಮ ಮೆಲ್ಲಗೆ ಬಾಯಿಬಿಟ್ಟಳು. ಕಾರು ಮಠಕ್ಕೆ ಹೋದರೆ ಮಗಳಿಗೆ ತರೀಕೆರೆಯ ಒಳ್ಳೆಯ ಮನೆತನದ ಗಂಡು ನೋಡಿಕೊಡುತ್ತೇನೆ ಎಂದು ಭಾವ ಮಾತು ಕೊಟ್ಟಿದ್ದರು, ಆ ಮನೆಯವರೂ ಮಠದವರೇ, ಕಾಣಿಕೆ ವಾಪಸ್ಸು ತಗೊಂಡರೆ ಸಂಬಂಧ ಮುರಿದು ಬೀಳುತ್ತಿತ್ತು.

"ನಿಮ್ಗೆ ಮೊದ್ಲೇ ಹೇಳಿದ್ರೆ ನೀವು ಒಪ್ತಿರ್ಲಿಲ್ಲ ಕಣ್ರೀ. ಭಾವನೋರೇ ಹಂಗಂದ್ರು" ಎಂದಳು.

ರೇವಣಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ.

"ಮಗಳಿಗೆ ಅಂತ ನೀನು ಕೇಳಿದ್ರೆ ಅವತ್ತೇ ಕೀ ತೆಗೆದು ನಿನ್ ಕೈಗೆ ಕೊಡ್ತಿದ್ದೆ ಕಣೇ. ಆಮೇಲೆ ಆ ಜಗುಲಿ ಮೇಲೆ ಖುಷಿಯಾಗಿ ಕೂತಿರ್ತಿದ್ದೆ. ಒಂಬತ್ತು ವರ್ಷ ಪಕ್ಕದಲ್ಲಿ ಕಾಫಿ ತಂದಿಟ್ಟೆ, ಇವನು ಎಂಥೋನು ಅಂತ ನಿಂಗೆ ಗೊತ್ತಾಗ್ಲೇ ಇಲ್ವಾ?"

ವಿಮಲಮ್ಮ ಅಳತೊಡಗಿದಳು. ಅಳಬೇಡ ಎಂದು ಅವನು ಹೇಳಲಿಲ್ಲ.